ನಿದ್ದೆ ಮಾಡ್ತಿರೋರ ಬ್ರೈನ್‌ಸ್ಟೆಮ್‌ನ ಎಫ್‌ಎಂಆರ್‌ಐನಲ್ಲಿ ನೋಡೋದು ಹೇಗೆ

ನಿಮ್ಹಾನ್ಸ್ ಆಗ್ಲಿ ಐಐಎಸ್‌ಸಿ ಆಗ್ಲಿ, ಬೆಂಗಳೂರಲ್ಲಿ ಎಲ್ಲೇ ಇದ್ರೂ ನಿದ್ದೆ ಮೇಲೆ ಪ್ರಾಜೆಕ್ಟ್ ಮಾಡ್ಬೇಕು ಅಂತಿರೋರಿಗೆ ಮೊದ್ಲೇ ಹೇಳ್ಬಿಡ್ತೀನಿ, ಕಾರ್ಟೆಕ್ಸ್‌ಗೆ (ಮಿದುಳಿನ ಹೊರಪದರಕ್ಕೆ) ಬಳಸೋ ಎಫ್‌ಎಂಆರ್‌ಐ (ರಕ್ತದ ಬದಲಾವಣೆಯಿಂದ ಮಿದುಳಿನ ಚಟುವಟಿಕೆ ತೋರಿಸೋ ಸ್ಕ್ಯಾನ್) ಸೆಟ್ಟಿಂಗನ್ನೇ ಬ್ರೈನ್‌ಸ್ಟೆಮ್‌ಗೂ (ಮಿದುಳಿನ ಬುಡದ ಕಾಂಡಕ್ಕೂ) ಹಾಕಿದ್ರೆ ನಿಮಗೆ ಸಿಗೋದು ಹೆಚ್ಚಾಗಿ ನಾಡಿ ಬಡಿತ ಅಷ್ಟೇ. ಮುಂದೆ ಬೇಸಿಲರ್ ಆರ್ಟರಿ ಅನ್ನೋ ರಕ್ತನಾಳ, ಹಿಂದೆ ನಾಲ್ಕನೇ ವೆಂಟ್ರಿಕಲ್ ಅನ್ನೋ ದ್ರವ ತುಂಬಿರೋ ಕುಳಿ, ಮಧ್ಯ ಸಿಕ್ಕಾಕೊಂಡಿರೋ ಬ್ರೈನ್‌ಸ್ಟೆಮ್ ಹೃದಯ ಬಡಿದಾಗೆಲ್ಲಾ ಅಲುಗತ್ತೆ. ಅದ್ರಲ್ಲಿ ಹುಡುಕೋ ಲೋಕಸ್ ಸೆರೂಲಿಯಸ್ (ಎಚ್ಚರಕ್ಕೆ ಸಂಬಂಧಿಸಿದ ಪುಟ್ಟ ನರಕೋಶದ ಗುಂಪು) ದಪ್ಪ ಸುಮಾರು 2 ಮಿಮೀ, ಉದ್ದ 15 ಮಿಮೀ ಆಸುಪಾಸು. 3 ಮಿಮೀ ವಾಕ್ಸೆಲ್ (ಸ್ಕ್ಯಾನ್ ಚಿತ್ರದ ಒಂದು 3ಡಿ ಚುಕ್ಕೆ) ಇಟ್ಕೊಂಡು ಕೂತ್ರೆ ಏನು ಕಾಣತ್ತೆ? 1.5ರಿಂದ 2 ಮಿಮೀಗೆ ಇಳಿಸಿ, ಸ್ಮೂತಿಂಗ್ (ಅಕ್ಕಪಕ್ಕದ ವಾಕ್ಸೆಲ್ ಬೆರೆಸಿ ಸರಾಸರಿ ಮಾಡೋದು) ಆದಷ್ಟು ಕಮ್ಮಿ ಮಾಡಿ. 7 ಟೆಸ್ಲಾ (ಮ್ಯಾಗ್ನೆಟ್ ಶಕ್ತಿಯ ಅಳತೆ) ಸ್ಕ್ಯಾನರ್ ಸಿಕ್ರೆ ಒಳ್ಳೇದು, ಇಲ್ದಿದ್ರೆ 3 ಟೆಸ್ಲಾದಲ್ಲೂ ಆಗತ್ತೆ, ಅದಕ್ಕೋಸ್ಕರ ಕಾಯ್ತಾ ಕೂರ್ಬೇಡಿ.

ಇಇಜಿ (ತಲೆ ಮೇಲಿಂದ ಮಿದುಳಿನ ವಿದ್ಯುತ್ ಅಳೆಯೋದು) ಇಲ್ದೆ ಶುರುನೇ ಮಾಡ್ಬೇಡಿ. ಕಣ್ಮುಚ್ಚಿ ಮಲಗಿದ್ದಾರೆ ಅಂದ್ರೆ ನಿದ್ದೆ ಬಂದಿದೆ ಅಂತಲ್ಲ. ಎಂಆರ್‌ಐ ಒಳಗೆ ಹಾಕೋಕೆ ಅಂತಲೇ ಮಾಡಿರೋ ಕ್ಯಾಪ್ ಬೇಕು, ಅದರ ಆಂಪ್ಲಿಫೈಯರ್ ಕ್ಲಾಕ್ ಸ್ಕ್ಯಾನರ್ ಕ್ಲಾಕ್ ಜೊತೆ ಸಿಂಕ್ ಆಗಿರ್ಬೇಕು, ಇಲ್ಲಾಂದ್ರೆ ಆಮೇಲೆ ಗ್ರೇಡಿಯಂಟ್ ಆರ್ಟಿಫ್ಯಾಕ್ಟ್ (ಸ್ಕ್ಯಾನರ್‌ನಿಂದ ಇಇಜಿಯಲ್ಲಿ ಸೇರೋ ಗಲೀಜು ಸಿಗ್ನಲ್) ತೆಗೆಯೋಕೆ ಹೋಗಿ ತಲೆ ಕೆಡತ್ತೆ. ಇಸಿಜಿ, ಕಣ್ಣು, ಗದ್ದದ ಎಲೆಕ್ಟ್ರೋಡ್‌ನೂ ಹಾಕಿ, ಆರ್‌ಇಎಂ (ಕಣ್ಣು ಚುರುಕಾಗಿ ಓಡಾಡೋ ನಿದ್ದೆ) ಗುರುತಿಸೋಕೆ ಬೇಕಾಗತ್ತೆ. ಸ್ಟೇಜಿಂಗ್ (ಯಾವ ಹಂತದ ನಿದ್ದೆ ಅಂತ ಗುರುತಿಸೋದು) ಮಾಮೂಲಿ 30 ಸೆಕೆಂಡ್ ಲೆಕ್ಕದಲ್ಲೇ.

ಮಲಗಿಸೋದು ಇನ್ನೊಂದು ಕಷ್ಟ. ಸದ್ದು 100 ಡೆಸಿಬಲ್ ದಾಟಬಹುದು, ಇಯರ್‌ಪ್ಲಗ್, ಫೋಮ್ ಎರಡೂ ಬೇಕು. ಮಧ್ಯಾಹ್ನದ ಮೇಲೆ ಫಿಲ್ಟರ್ ಕಾಫಿ ಬಂದ್. ಹಿಂದಿನ ರಾತ್ರಿ ಸ್ವಲ್ಪ ಕಮ್ಮಿ ನಿದ್ದೆ ಮಾಡಿ ಬನ್ನಿ ಅಂತ ಹೇಳೋದುಂಟು, ಆದ್ರೆ ಅದೂ ಮಿದುಳನ್ನ ಬದಲಾಯಿಸತ್ತೆ, ಹಾಗೆ ಮಾಡಿದ್ರೆ ಪೇಪರ್‌ನಲ್ಲಿ ಮುಚ್ಚಿಡ್ಬೇಡಿ. ವಾಪಸ್ ಕಳಿಸ್ವಾಗ ಕ್ಯಾಬ್ ಬುಕ್ ಮಾಡ್ಕೊಡಿ, ನಿದ್ದೆಗಣ್ಣಲ್ಲಿ ಔಟರ್ ರಿಂಗ್ ರೋಡಲ್ಲಿ ಗಾಡಿ ಓಡಿಸೋದು ಬೇಡ.

ನನ್ನ ಪ್ರಕಾರ ಅಸಲಿ ಕೆಲಸ ಅಂದ್ರೆ ಬೆರಳಿಗೆ ಪಲ್ಸ್ ಸೆನ್ಸರ್, ಎದೆಗೆ ಉಸಿರಾಟದ ಬೆಲ್ಟ್. ಯಾಕಂದ್ರೆ ನಿದ್ದೆಯ ಸ್ಟೇಜ್ ಬದಲಾದ್ರೆ ಉಸಿರು, ಬಡಿತ ಎರಡೂ ಬದಲಾಗತ್ತೆ, ಹಾಗಾಗಿ ನೀವು 'ಎನ್‌3ಗೂ (ಗಾಢ ನಿದ್ದೆಗೂ) ಎಚ್ಚರಕ್ಕೂ ಬ್ರೈನ್‌ಸ್ಟೆಮ್‌ನಲ್ಲಿ ಇಷ್ಟು ವ್ಯತ್ಯಾಸ' ಅಂತ ಖುಷಿಪಡೋದು ಬರೀ ಉಸಿರಾಟದ ವ್ಯತ್ಯಾಸ ಆಗಿರಬಹುದು. ರೆಟ್ರೋಇಕೋರ್ (ಬಡಿತ, ಉಸಿರಿನ ಪ್ರಭಾವವನ್ನ ಡೇಟಾದಿಂದ ಕಳೆಯೋ ವಿಧಾನ) ಥರದ ಕರೆಕ್ಷನ್ ಮಾಡ್ಲೇಬೇಕು. ಸಾಲದ್ದಕ್ಕೆ ನಾನ್‌ಆರ್‌ಇಎಂ ನಿದ್ದೆಯಲ್ಲಿ ನಾಲ್ಕನೇ ವೆಂಟ್ರಿಕಲ್‌ನೊಳಗೆ ಸಿಎಸ್‌ಎಫ್ (ಮಿದುಳಿನ ಒಳಗೂ ಸುತ್ತಲೂ ಇರೋ ದ್ರವ) ದೊಡ್ಡ ದೊಡ್ಡ ಅಲೆಯಾಗಿ ನುಗ್ಗತ್ತೆ ಅಂತ 2019ರಲ್ಲಿ ಸೈನ್ಸ್ ಜರ್ನಲ್‌ನಲ್ಲಿ ಬಂತು, ಲೋಕಸ್ ಸೆರೂಲಿಯಸ್ ಇರೋದು ಅದರ ಪಕ್ಕದಲ್ಲೇ!

ಅನಾಲಿಸಿಸ್‌ನಲ್ಲಿ ಬ್ರೈನ್‌ಸ್ಟೆಮ್‌ನ ಬೇರೆಯಾಗಿ ಅಲೈನ್ ಮಾಡಿ, ಆಗೋದಾದ್ರೆ ನ್ಯೂರೋಮೆಲನಿನ್ ಸ್ಕ್ಯಾನ್ (ಲೋಕಸ್ ಸೆರೂಲಿಯಸ್ ಎಲ್ಲಿದೆ ಅಂತ ತೋರಿಸೋದು) ಒಂದು ತಗೊಳ್ಳಿ. ಇಡೀ ಸ್ಟೇಜ್‌ನ ಸರಾಸರಿ ತೆಗೆಯೋದ್ರ ಬದ್ಲು ಇಇಜಿಯಲ್ಲಿ ಕಾಣೋ ಗಾಢ ನಿದ್ದೆಯ ಒಂದೊಂದು ಸ್ಲೋ ವೇವ್‌ನೂ (ನಿಧಾನ ಅಲೆಯನ್ನೂ) ಈವೆಂಟ್ ಅಂತ ತಗೊಂಡ್ರೆ ಚೆನ್ನಾಗಿರತ್ತೆ. 2008ರಲ್ಲಿ ಡಾಂಗ್-ವು ತಂಡ ಹೀಗೇ ಮಾಡಿ ಪಾನ್ಸ್‌ನಲ್ಲಿ (ಬ್ರೈನ್‌ಸ್ಟೆಮ್‌ನ ಮಧ್ಯ ಭಾಗದಲ್ಲಿ) ಚಟುವಟಿಕೆ ತೋರಿಸಿದ್ದು. ಕೊನೇಗೆ ವೆಂಟ್ರಿಕಲ್‌ನ ಸಿಗ್ನಲ್‌ಗೂ ಅದೇ ಅನಾಲಿಸಿಸ್ ಓಡಿಸಿ, ಅಲ್ಲೂ ಅದೇ ಗ್ರಾಫ್ ಬಂದ್ರೆ ಗೈಡ್ ಹತ್ರ ಹೋಗೋ ಮುಂಚೆ ಮತ್ತೆ ಮಾಸ್ಕ್ (ಯಾವ ವಾಕ್ಸೆಲ್ ಲೆಕ್ಕಕ್ಕೆ ಅಂತ ಗುರುತಿಸಿರೋದು) ನೋಡಿ.