ಡಿವಿ ನೋಟಿಸು ಹಿಡಿದು ಬಂದವರ ಕೇಸು ನಾನು ನಡೆಸುವ ಬಗೆ

ತುಮಕೂರಿನಲ್ಲಿ ವಕೀಲಿಕೆ ಮಾಡುವ ನನ್ನ ಬಳಿಗೆ ಹೆಂಡತಿಯರ ಪರವಾದ ಕೇಸುಗಳೂ ಬರುತ್ತವೆ, ಗಂಡಂದಿರ ಪರವಾದವೂ ಬರುತ್ತವೆ. ಕೌಟುಂಬಿಕ ದೌರ್ಜನ್ಯದ (ಡಿವಿ) ಅರ್ಜಿಯಲ್ಲಿ ಎದುರುದಾರನಾಗಿ ನಿಂತವನ ಕೇಸನ್ನು ಹೇಗೆ ನಡೆಸುತ್ತೇನೆ ಎಂಬುದನ್ನಷ್ಟೇ ಇಲ್ಲಿ ಬರೆಯುತ್ತಿದ್ದೇನೆ. ಕಕ್ಷಿದಾರರ ಗುರುತು ಸಿಗದ ಹಾಗೆ ಊರು, ವಿವರ ಬದಲಿಸಿದ್ದೇನೆ.

ಬಂದವರ ಮೊದಲ ಮಾತು ಹೆಚ್ಚುಕಡಿಮೆ ಒಂದೇ: "ಸಾರ್, ಅರೆಸ್ಟ್ ಮಾಡ್ತಾರಾ?" ಜೊತೆಗೆ ಬಂದ ಭಾವನೋ ಚಿಕ್ಕಪ್ಪನೋ "ಬೇಲ್ ಹಾಕ್ಬಿಡಿ ಸಾರ್" ಅನ್ನುತ್ತಾರೆ. ನಾನು ಮೊದಲು ನೋಟಿಸು ಯಾವ ಕಾಯ್ದೆಯದು ಎಂದು ನೋಡುತ್ತೇನೆ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ 12ನೇ ಕಲಂ ಅಡಿ ಜೆಎಂಎಫ್‌ಸಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ನ್ಯಾಯಾಲಯದಿಂದ ಬಂದದ್ದಾದರೆ ಬಂಧನವೂ ಇಲ್ಲ, ಜಾಮೀನೂ ಬೇಡ. ಅದು ರಕ್ಷಣೆ, ವಾಸ, ಜೀವನಾಂಶ, ಪರಿಹಾರ ಕೇಳುವ ಸಿವಿಲ್ ಸ್ವರೂಪದ ಅರ್ಜಿ. ಆದರೆ ಹಾಜರಾಗದಿದ್ದರೆ 23ನೇ ಕಲಂ ಅಡಿ ಏಕಪಕ್ಷೀಯವಾಗಿಯೇ ಆದೇಶ ಬೀಳುತ್ತದೆ.

ಠಾಣೆಯಲ್ಲಿ ಕ್ರೌರ್ಯದ ದೂರು ದಾಖಲಾಗಿದ್ದರೆ ಮಾತು ಬೇರೆ. ಭಾರತೀಯ ದಂಡ ಸಂಹಿತೆಯ ಹಳೆಯ 498ಎ ಕಲಂ ಈಗ, ಅಂದರೆ 2024ರ ಜುಲೈ 1ರಿಂದ, ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂ. ಮೂರು ವರ್ಷದ ತನಕ ಜೈಲು. ಅಲ್ಲೂ ಬಂಧನ ಯಾಕೆ ಬೇಕು ಎಂದು ಕಾರಣ ಬರೆಯದೆ ಪೊಲೀಸರು ಹಿಡಿಯುವಂತಿಲ್ಲ, ಬೇಡವೆನಿಸಿದರೆ ನೋಟಿಸು ಕೊಟ್ಟು ಕರೆಸಬೇಕು ಎಂದು ಅರ್ನೇಶ್ ಕುಮಾರ್ ಪ್ರಕರಣದಲ್ಲಿ 2014ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಆ ನೋಟಿಸಿಗೆ ಹೋಗದೆ ಬೆಂಗಳೂರಿನ ನೆಂಟರ ಮನೆಯಲ್ಲಿ ತಲೆಮರೆಸಿಕೊಂಡವನು ಆ ರಕ್ಷಣೆಯನ್ನು ತಾನೇ ಕಳೆದುಕೊಳ್ಳುತ್ತಾನೆ. ರಾಜ್ಯ ಸರ್ಕಾರಿ ನೌಕರನಾಗಿದ್ದರೆ ನಾನು ತಡಮಾಡದೆ ನಿರೀಕ್ಷಣಾ ಜಾಮೀನಿಗೆ ಅರ್ಜಿ ಹಾಕುತ್ತೇನೆ. 48 ಗಂಟೆ ಮೀರಿ ಬಂಧನದಲ್ಲಿದ್ದರೆ ಅಮಾನತಾದಂತೆಯೇ ಎಂದು ಸೇವಾ ನಿಯಮ ಹೇಳುತ್ತದೆ.

ಇಷ್ಟು ತಿಳಿದ ಮೇಲೆ ಜೊತೆಗೆ ಬಂದವರನ್ನು ಹೊರಗೆ ಕೂರಿಸುತ್ತೇನೆ. ಗುಬ್ಬಿ ಕಡೆಯ ಒಬ್ಬ ಹುಡುಗ ಚಿಕ್ಕಪ್ಪನ ಎದುರಿಗೆ "ಒಂದೇಟೂ ಹೊಡ್ದಿಲ್ಲ ಸಾರ್" ಎಂದು ಆಣೆ ಮಾಡಿದ. ಅವರು ಹೊರಗೆ ಹೋದ ಮೇಲೆ "ಈಗ ಹೇಳಪ್ಪಾ" ಅಂದೆ. ತಲೆ ತಗ್ಗಿಸಿ, "ಕೈ ಮಾಡಿದೀನಿ ಸಾರ್. ವರದಕ್ಷಿಣೆ ಮಾತ್ರ ಕೇಳಿಲ್ಲ, ನಮ್ಮಕ್ಕನೂ ಅಲ್ಲಿರಲಿಲ್ಲ" ಅಂದ. ಅವನ ಕೇಸು ನಿಂತದ್ದೇ ಈ ಮಾತಿನ ಮೇಲೆ. ಎಲ್ಲವೂ ಸುಳ್ಳು ಎಂದು ಬರೆದಿದ್ದರೆ ಹೆಂಡತಿಯ ಆಸ್ಪತ್ರೆಯ ಗಾಯದ ಪ್ರಮಾಣಪತ್ರ ಒಂದೇ ಸಾಕಿತ್ತು, ಉಳಿದ ನಮ್ಮ ನಿಜವನ್ನೂ ಯಾರೂ ನಂಬುತ್ತಿರಲಿಲ್ಲ. ಕ್ರಿಮಿನಲ್ ಕೇಸೂ ಜೊತೆಗಿದ್ದುದರಿಂದ ತಪ್ಪೊಪ್ಪಿಗೆ ಬರೆದುಕೊಡಲಿಲ್ಲ, ಹಾಗೆಂದು ಸುಳ್ಳನ್ನೂ ಬರೆಯಲಿಲ್ಲ. ಆರೋಪಗಳನ್ನು ಒಪ್ಪದೆಯೇ ರಕ್ಷಣಾ ಆದೇಶಕ್ಕೆ ನಮ್ಮ ತಕರಾರಿಲ್ಲ ಎಂದು ಮೆಮೊ ಹಾಕಿದೆ. ಆಕೆಗೆ ಆ ರಕ್ಷಣೆ ಸಿಗಬೇಕಾದದ್ದೇ ಎಂದು ಅವನಿಗೂ ಹೇಳಿದೆ.

ಅಕ್ಕನ ವಿಷಯದಲ್ಲಿ ಮಾತ್ರ ಬಿಗಿಯಾಗಿ ನಿಂತೆವು. ಮದುವೆಯಾಗಿ ದಾವಣಗೆರೆ ಸೇರಿದ್ದ ಆಕೆಯನ್ನೂ ಅರ್ಜಿಯಲ್ಲಿ ಸೇರಿಸಿದ್ದರು. ಹೆಂಗಸರನ್ನು ಎದುರುದಾರರನ್ನಾಗಿ ಮಾಡುವಂತಿಲ್ಲ ಎಂಬ ವಾದ 2016ರ ಹಿರಾಲ್ ಹರ್ಸೋರಾ ತೀರ್ಪಿನ ನಂತರ ನಡೆಯುವುದಿಲ್ಲ. ನಡೆಯುವ ವಾದ ಬೇರೆ: ಅಕ್ಕನೂ ಹೆಂಡತಿಯೂ ಒಂದೇ ಮನೆಯಲ್ಲಿ ಯಾವತ್ತಾದರೂ ಒಟ್ಟಿಗೆ ಬಾಳಿದ್ದರೇ? ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಯಿಂದ ಸಂರಕ್ಷಣಾಧಿಕಾರಿ ಕಳಿಸಿದ್ದ ಕೌಟುಂಬಿಕ ಘಟನಾ ವರದಿಯನ್ನೂ ಅರ್ಜಿಯನ್ನೂ ಪಕ್ಕಪಕ್ಕ ಇಟ್ಟು ಸಾಲುಸಾಲಾಗಿ ಓದಿದೆ. ಯುಗಾದಿಯ ದಿನ ನಾದಿನಿ ಬಂದು ಜುಟ್ಟು ಹಿಡಿದು ಎಳೆದಳು ಎಂದು ಅರ್ಜಿಯಲ್ಲಿತ್ತು. ಅರ್ಜಿಗೆ ಮುಂಚೆ ಹೆಂಡತಿಯೇ ಸಹಿ ಮಾಡಿದ ವರದಿಯಲ್ಲಿ ಅಕ್ಕನ ಹೆಸರೇ ಇಲ್ಲ. ಆ ಯುಗಾದಿಗೆ ಅಕ್ಕ ಹೆರಿಗೆಯಾಗಿ ದಾವಣಗೆರೆಯ ಆಸ್ಪತ್ರೆಯಲ್ಲಿದ್ದಳು. ಡಿಸ್ಚಾರ್ಜ್ ಚೀಟಿ, ಗಂಡನ ಮನೆಯ ರೇಷನ್ ಕಾರ್ಡ್, ಮತದಾರರ ಚೀಟಿ ಹಾಜರುಪಡಿಸಿದೆ. ಪಾಟೀಸವಾಲಿನಲ್ಲಿ ದನಿ ಏರಿಸುವ ಅಗತ್ಯವೇ ಬರಲಿಲ್ಲ, ವರದಿ ತೋರಿಸಿ ಸಹಿ ನಿಮ್ಮದೇ ಅಲ್ಲವೇನಮ್ಮಾ ಎಂದು ಕೇಳಿದೆ. ಅಕ್ಕನ ಮೇಲಿನ ಅರ್ಜಿ ವಜಾ ಆಯಿತು. ಇಂಥದ್ದಕ್ಕೆ ಹೈಕೋರ್ಟಿನಲ್ಲೂ ರದ್ದು ಕೋರಬಹುದು ಎಂದು 2025ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಆದರೆ ಬಹಳ ಎಚ್ಚರದಿಂದ ಬಳಸಬೇಕಾದ ಅಧಿಕಾರ ಎಂದೂ ಹೇಳಿದೆ.

"ಅವಳ ನಡತೆ ಬಗ್ಗೆ ಬರೀರಿ ಸಾರ್" ಎನ್ನುವವರೂ ಇದ್ದಾರೆ. ಆಧಾರವಿಲ್ಲದೆ ಒಂದು ಸಾಲನ್ನೂ ನಾನು ಬರೆಯುವುದಿಲ್ಲ. ಹೆಣ್ಣುಮಗಳೊಬ್ಬಳ ಮಾನ ಕಳೆದು ಕೇಸು ಗೆಲ್ಲುವುದು ನನಗೆ ಬೇಡ. ಕಾನೂನಿನ ದೃಷ್ಟಿಯಿಂದಲೂ ಅದು ಆತ್ಮಹತ್ಯೆಯೇ. ಲಿಖಿತ ಹೇಳಿಕೆಯಲ್ಲಿ ಹೆಂಡತಿಯ ಶೀಲದ ಮೇಲೆ ಹೊರಿಸುವ ಸುಳ್ಳು ಆರೋಪವೇ ಕ್ರೌರ್ಯ ಎಂದು 2003ರಲ್ಲೇ ಸುಪ್ರೀಂ ಕೋರ್ಟ್ ತೀರ್ಪಿದೆ, 2005ರ ಕಾಯ್ದೆಯ 3ನೇ ಕಲಂನಲ್ಲಿ ಮಾತಿನ ಹಿಂಸೆಯೂ ದೌರ್ಜನ್ಯವೇ.

ನಮ್ಮ ಜಿಲ್ಲೆಯಲ್ಲಿ ಹೆಚ್ಚು ಜನ ಕೆಡುವುದು ಆದಾಯದ ವಿಷಯದಲ್ಲಿ. ತೆಂಗು, ಅಡಿಕೆ ತೋಟವಿದ್ದವನು "ಕೂಲಿ ಅಂತ ಬರ್ಕೊಳ್ಳಿ, ಜಮೀನೆಲ್ಲಾ ಅಪ್ಪನ ಹೆಸರಲ್ಲೈತೆ" ಅನ್ನುತ್ತಾನೆ. 2020ರ ರಜನೇಶ್ ವಿರುದ್ಧ ನೇಹಾ ತೀರ್ಪಿನಿಂದ ಇಬ್ಬರೂ ಆಸ್ತಿ, ಸಾಲ, ಆದಾಯದ ಪ್ರಮಾಣಪತ್ರ (ಅಫಿಡವಿಟ್) ಸಲ್ಲಿಸಲೇಬೇಕು. ಪಹಣಿ ತೆಗೆಸಲು ಎದುರು ವಕೀಲರಿಗೆ ಎಷ್ಟು ಹೊತ್ತು? ತಿಪಟೂರು ಮಾರುಕಟ್ಟೆಯಲ್ಲಿ ಕೊಬ್ಬರಿ ಬಿಟ್ಟ ದುಡ್ಡು ಬ್ಯಾಂಕ್ ಪಾಸ್‌ಬುಕ್ಕಿನಲ್ಲೇ ಇರುತ್ತದೆ. ಹಾಗಾಗಿ ಪಹಣಿ, ಕೊಬ್ಬರಿ ಚೀಟಿ, ಸೊಸೈಟಿ ಸಾಲದ ಪತ್ರ, ಅಪ್ಪ ಅಮ್ಮನ ಔಷಧದ ಬಿಲ್ಲು ಎಲ್ಲವನ್ನೂ ನಾನೇ ಮೊದಲು ಇಡುತ್ತೇನೆ. ಆಕೆಗೂ ದುಡಿಮೆಯಿದ್ದರೆ ಅದರ ದಾಖಲೆಯನ್ನೂ ಕೇಳುತ್ತೇನೆ. ನಿಜವಾದ ಲೆಕ್ಕ ಎದುರಿಗಿದ್ದರೆ ಮ್ಯಾಜಿಸ್ಟ್ರೇಟರು ಕಣ್ಣಂದಾಜಿನಲ್ಲಿ ದೊಡ್ಡ ಮೊತ್ತ ಹಾಕುವುದಿಲ್ಲ. ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಲೆಕ್ಕವಾಗುತ್ತದೆ, ಹಾಗಾಗಿ ವಾಯಿದೆ ಮೇಲೆ ವಾಯಿದೆ ತೆಗೆದುಕೊಂಡರೆ ಬಾಕಿ ಬೆಳೆಯುವುದು ನಮ್ಮ ಕಕ್ಷಿದಾರನ ತಲೆಯ ಮೇಲೇ. ಇನ್ನೊಂದು ಕೋರ್ಟಿನಲ್ಲಿ ಆಗಲೇ ಜೀವನಾಂಶದ ಆದೇಶವಾಗಿದ್ದರೆ ಅದನ್ನು ತಿಳಿಸಿ ಹೊಂದಾಣಿಕೆ ಕೇಳಬಹುದು.

ಮನೆ ಅಮ್ಮನ ಹೆಸರಿನಲ್ಲಿದೆ, ಹೆಂಡತಿಗೆ ಹಕ್ಕಿಲ್ಲ ಎಂಬ ವಾದವನ್ನು 2020ರ ಸತೀಶ್ ಚಂದರ್ ಅಹುಜಾ ತೀರ್ಪು ಮುಗಿಸಿದೆ. ಒಟ್ಟಿಗೆ ಬಾಳಿದ ಮನೆ ಅತ್ತೆ ಮಾವನದಾದರೂ ಆಕೆ ವಾಸದ ಹಕ್ಕು ಕೇಳಬಹುದು. ವಯಸ್ಸಾದ ತಾಯಿಗೆ ತೊಂದರೆಯಾಗುತ್ತದೆ ಎಂದಾದರೆ ಅದೇ ಮಟ್ಟದ ಬೇರೆ ಮನೆ ಅಥವಾ ಬಾಡಿಗೆ ಕೊಡುತ್ತೇವೆ ಎಂದು ನಾವೇ ಮುಂದೆ ಬರುವುದು ಒಳ್ಳೆಯದು, 19ನೇ ಕಲಂನಲ್ಲಿ ಅದಕ್ಕೆ ಜಾಗವಿದೆ.

ಜೈಲಿನ ಭಯ ನಿಜವಾಗುವುದು ರಕ್ಷಣಾ ಆದೇಶ ಮುರಿದಾಗ. 31ನೇ ಕಲಂ ಅಡಿ ಒಂದು ವರ್ಷದ ತನಕ ಸೆರೆ, ಇಲ್ಲವೇ 20,000 ರೂಪಾಯಿ ತನಕ ದಂಡ, ಇಲ್ಲವೇ ಎರಡೂ. ಅದು ಜಾಮೀನು ರಹಿತ ಅಪರಾಧ. ಸಂಪರ್ಕಿಸಬಾರದು ಎಂಬ ಆದೇಶವಿದ್ದಾಗ "ಮಗು ಹೆಂಗೈತೆ ಅಂತ ಕೇಳಿದ್ದಷ್ಟೇ ಸಾರ್" ಎಂಬ ಒಂದು ವಾಟ್ಸಾಪ್ ಸಂದೇಶವೂ ಸಾಕು. ಊರ ಯಜಮಾನರನ್ನು ಆಕೆಯ ತವರಿಗೆ ಪಂಚಾಯ್ತಿಗೆ ಕಳಿಸುವುದೂ ಬೇಡ. ಮಗುವನ್ನು ನೋಡಬೇಕಾದರೆ ಭೇಟಿಗೆ 21ನೇ ಕಲಂ ಅಡಿ ಅರ್ಜಿ ಹಾಕೋಣ, ರಾಜಿ ಮಾತನಾಡಬೇಕಾದರೆ ಕೋರ್ಟಿನ ಮೂಲಕವೇ ಮಧ್ಯಸ್ಥಿಕೆಗೆ ಹೋಗೋಣ ಎಂದು ಒತ್ತಿ ಹೇಳುತ್ತೇನೆ. ಫೋನಿನಲ್ಲಿರುವ ಹಳೆಯ ಮಾತುಕತೆ ಏನನ್ನೂ ಅಳಿಸಬಾರದು. ಆಯ್ದ ನಾಲ್ಕು ಸ್ಕ್ರೀನ್‌ಶಾಟಿಗಿಂತ ಪೂರ್ತಿ ಸಂಭಾಷಣೆ, ಜೊತೆಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಕೇಳುವ ವಿದ್ಯುನ್ಮಾನ ದಾಖಲೆಯ ಪ್ರಮಾಣಪತ್ರ ಇದ್ದರೆ ಮಾತ್ರ ಅದಕ್ಕೆ ಬೆಲೆ.

ಆದೇಶ ಒಪ್ಪಿಗೆಯಾಗದಿದ್ದರೆ ಸೆಷನ್ಸ್ ನ್ಯಾಯಾಲಯಕ್ಕೆ 30 ದಿನದೊಳಗೆ ಮೇಲ್ಮನವಿ. ಆದೇಶದ ಪ್ರತಿಗೆ ಅಂದೇ ಅರ್ಜಿ ಹಾಕಿಸುತ್ತೇನೆ. ದುಡಿಮೆ ನಿಂತರೆ ಹಣ ಕಟ್ಟುವುದನ್ನು ತಾನೇ ನಿಲ್ಲಿಸಬಾರದು, ಬಾಕಿಗೆ ವಾರಂಟ್ ಬರುತ್ತದೆ. ಸಿರಾ ಕಡೆಯ ಒಬ್ಬರಿಗೆ ಕಾರ್ಖಾನೆ ಕೆಲಸ ಹೋದಾಗ 25ನೇ ಕಲಂ ಅಡಿ ಬದಲಾದ ಪರಿಸ್ಥಿತಿ ತೋರಿಸಿ ಅರ್ಜಿ ಹಾಕಿದೆವು. ಅದು ತೀರ್ಮಾನವಾಗುವ ತನಕ ಕೈಲಾದಷ್ಟನ್ನು ಪ್ರತಿ ತಿಂಗಳು ಆಕೆಯ ಖಾತೆಗೇ ಕಟ್ಟಿಸಿದೆ. ಮೊತ್ತ ಇಳಿಯಲು ಆ ಬ್ಯಾಂಕ್ ಚೀಟಿಗಳೇ ನೆರವಾದವು.