ಅಂಗೈಗೆ ಸಿಕ್ಕ ನಡುಕ

ರೋಣದ ಕಡೆಯ ಆ ಅಜ್ಜಿ ಹುಬ್ಬಳ್ಳಿಯ ನಮ್ಮ ಐಸಿಯುಗೆ ಬಂದಾಗ ಎದೆನೋವು ಶುರುವಾಗಿ ಎರಡು ದಿನ ಕಳೆದಿತ್ತು. "ಗ್ಯಾಸ್ ಅಂತ ತಿಳಕೊಂಡು ಸೋಡಾ ಕುಡಿಸಿದ್ವಿ ಸರ" ಎಂದು ಮಗ ತಲೆ ತಗ್ಗಿಸಿದ.

ಇಸಿಜಿಯಲ್ಲಿ ಹೃದಯದ ಮುಂಭಾಗದ ದೊಡ್ಡ ಅಟ್ಯಾಕ್ ಕಾಣುತ್ತಿತ್ತು. ನೋವು ನಿಂತಿತ್ತು, ಬಿಪಿ ಸರಿಯಿತ್ತು. ಮನೆಯವರಿಗೆ ಸಮಾಧಾನ. ನನಗೆ ಇರಲಿಲ್ಲ. ರಕ್ತ ಸಿಗದೆ ಸತ್ತ ಸ್ನಾಯು ಮೊದಲ ವಾರ ತುಂಬಾ ಮೆತ್ತಗಿರುತ್ತದೆ. ಗಾಯ ಗಟ್ಟಿಯಾಗಲು ವಾರಗಳು ಬೇಕು. ಅಷ್ಟರೊಳಗೆ ಒಳಗಿನ ಒತ್ತಡಕ್ಕೆ ಗೋಡೆ ಹರಿಯಬಹುದು. ಹೊರಗೋಡೆ ಹರಿದರೆ ಹೆಚ್ಚಿನ ಸಲ ನಮಗೆ ಸಮಯವೇ ಸಿಗುವುದಿಲ್ಲ. ಎಡ ಮತ್ತು ಬಲ ಕೋಣೆಗಳ ನಡುವಿನ ಗೋಡೆಯಾದರೆ ಸ್ವಲ್ಪ ಅವಕಾಶ ಇರುತ್ತದೆ.

ಅದಕ್ಕೇ ತಡವಾಗಿ ಬಂದವರ ಎದೆ ಮೇಲೆ ನಾನು ಬೆಳಿಗ್ಗೆ, ಸಂಜೆ ಮೊದಲು ಅಂಗೈ ಇಡುತ್ತೇನೆ. ಸ್ಟೆತಸ್ಕೋಪ್ ಆಮೇಲೆ. ಮಾನಿಟರ್ ಬಿಪಿ ತೋರಿಸುತ್ತದೆ, ತೂತು ತೋರಿಸುವುದಿಲ್ಲ ಅಲ್ವಾ?

ನೋವು ಶುರುವಾದ ನಾಲ್ಕನೇ ದಿನ ಬೆಳಿಗ್ಗೆ ಅಜ್ಜಿಯ ಕೈಕಾಲು ತಣ್ಣಗಿದ್ದವು. ರಾತ್ರಿಯಿಂದ ಮೂತ್ರ ಕಡಿಮೆ. ಎದೆಮೂಳೆಯ ಎಡಕ್ಕೆ ಅಂಗೈ ಇಟ್ಟೆ. ನಡೆಯುತ್ತಿರುವ ಹಿಟ್ಟಿನ ಗಿರಣಿಯ ಮೇಲೆ ಕೈ ಇಟ್ಟ ಹಾಗೆ ನಡುಗುತ್ತಿತ್ತು. ಹಿಂದಿನ ಸಂಜೆ ಇಲ್ಲದ ಜೋರು ಸದ್ದು ಸ್ಟೆತಸ್ಕೋಪಿನಲ್ಲಿ ಕೇಳಿಸಿತು. ಹೃದಯದ ಸ್ಕ್ಯಾನ್ ಮಾಡುವ ಎಕೋ ಮಷೀನನ್ನು ಹಾಸಿಗೆ ಹತ್ತಿರ ಎಳೆದು ನೋಡಿದೆ. ಹೃದಯದ ತುದಿಯ ಹತ್ತಿರ ನಡುಗೋಡೆ ಹರಿದಿತ್ತು. ಎಡಗಡೆಯ ರಕ್ತ ಬಲಗಡೆಗೆ ನುಗ್ಗುತ್ತಿತ್ತು. ದೇಹಕ್ಕೆ ಹೋಗಬೇಕಾದ ರಕ್ತ ಮತ್ತೆ ಶ್ವಾಸಕೋಶಕ್ಕೇ ಹೋಗುತ್ತಿತ್ತು.

ಹೃದಯದ ಕೆಲಸ ಹಗುರ ಮಾಡುವ ಬಲೂನ್ ಪಂಪನ್ನು ತೊಡೆಯ ರಕ್ತನಾಳದಿಂದ ಹಾಕಿದೆ. ಆಮೇಲೆ ಮಗನನ್ನು ಕೂರಿಸಿಕೊಂಡು ಮುಚ್ಚಿಡದೆ ಹೇಳಿದೆ. ಆಪರೇಷನ್ ಇಲ್ಲದೆ ಉಳಿಯುವವರು ತೀರಾ ಕಡಿಮೆ, ಮಾಡಿದರೂ ಬಹಳ ಜನ ಉಳಿಯುವುದಿಲ್ಲ. ಅವನು ಸುಮಾರು ಹೊತ್ತು ಸುಮ್ನೆ ಕೂತ. "ಅವ್ವ ನಿನ್ನೆ ಊರಿಗೆ ಹೋಗೂಣು ಅಂದಿದ್ಲರಿ" ಎಂದ. ಆಮೇಲೆ ಸಹಿ ಹಾಕಿದ.

ಯಾವಾಗ ಮಾಡುವುದು ಎಂಬುದೇ ಕಷ್ಟದ ಪ್ರಶ್ನೆ. ಬೇಗ ಮಾಡಿದರೆ ಹಾಲಿನಲ್ಲಿ ನೆನೆದ ರೊಟ್ಟಿಗೆ ಹೊಲಿಗೆ ಹಾಕಿದ ಹಾಗೆ, ದಾರ ನಿಲ್ಲುವುದಿಲ್ಲ. ಕಾದರೆ ಅಂಚು ಗಟ್ಟಿಯಾಗುತ್ತದೆ, ಆದರೆ ಅಷ್ಟರಲ್ಲಿ ಕಿಡ್ನಿ ಕೈಕೊಡಬಹುದು. ಪಂಪ್ ಹಾಕಿದ ಮೇಲೆ ಅಜ್ಜಿಗೆ ಮೂತ್ರ ಬರತೊಡಗಿತು. ಆ ಧೈರ್ಯದ ಮೇಲೆ ಐದು ದಿನ ಕಾದೆವು. ದಿನಾ ಎರಡು ಸಲ ಸರ್ಜನ್ ಜೊತೆ ನಿಂತು ಲೆಕ್ಕ ಹಾಕಿದೆವು. ಆರನೇ ದಿನ ಅವರು ತೂತಿಗೆ ತೇಪೆ ಹೊಲಿದರು.

ತಿಂಗಳ ನಂತರ ಅಜ್ಜಿ ಮಗನ ಕೈ ಹಿಡಿದು ಚೆಕಪ್‌ಗೆ ಬಂದರು. ನಾನು ಎದೆ ಮೇಲೆ ಅಂಗೈ ಇಟ್ಟೆ. ಹೃದಯದ ಬಡಿತ ಮಾತ್ರ ಸಿಕ್ಕಿತು.