ತೂರಿನ ಹಡಗಿನಿಂದ ಶುರು: ಜನಾಂಗಗಳ ಮೇಲಿನ ಪ್ರವಾದನೆಗಳನ್ನು ನಾನು ಪಾಠ ಮಾಡುವ ಬಗೆ

ಯೆಶಾಯ 13ರಿಂದ 23, ಯೆರೆಮೀಯ 46ರಿಂದ 51, ಯೆಹೆಜ್ಕೇಲ 25ರಿಂದ 32, ಆಮೋಸನ ಮೊದಲೆರಡು ಅಧ್ಯಾಯ, ಓಬದ್ಯ ಮತ್ತು ನಹೂಮ ಬಹುಪಾಲು ಪೂರ್ತಿ. ಸುತ್ತಲಿನ ಜನಾಂಗಗಳ ಮೇಲೆ ಪ್ರವಾದಿಗಳು ನುಡಿದ ತೀರ್ಪು ಸತ್ಯವೇದದಲ್ಲಿ (ಬೈಬಲಿನಲ್ಲಿ) ಇಷ್ಟು ಜಾಗ ಹಿಡಿದಿದೆ. ಅಧ್ಯಯನ ಕೂಟಗಳಲ್ಲಿ ಮಾತ್ರ ಇದನ್ನು ‘ಗರ್ವಪಟ್ಟರು, ಬಿದ್ದರು’ ಎಂದು ಒಂದೇ ಮಾತಲ್ಲಿ ಮುಗಿಸಿಬಿಡುವುದುಂಟು. ಪ್ರವಾದಿಗಳು ಹಾಗೆ ಮುಗಿಸಲಿಲ್ಲ. ಯಾವ ಜನಾಂಗ ಯಾವುದನ್ನು ನೆಚ್ಚಿ ಸೊಕ್ಕಿತು, ಆ ಸೊಕ್ಕಿನಲ್ಲಿ ಯಾರಿಗೆ ಏನು ಮಾಡಿತು, ತೀರ್ಪು ಎಲ್ಲಿಗೆ ಬಂದು ತಗುಲಿತು ಎಂಬುದನ್ನು ಹೆಸರು ಹಿಡಿದು ಹೇಳಿದ್ದಾರೆ. ಈ ಮೂರನ್ನು ವಚನದೊಳಗೇ ಹುಡುಕಿ ತೆಗೆಯುವುದೇ ನನ್ನ ಪಾಠದ ಬೆನ್ನೆಲುಬು.

ಶುರು ಮಾಡಲು, ಇಂದಿನ ಲೆಬನೋನಿನ ಕಡಲತಡಿಯ ವ್ಯಾಪಾರದ ಊರಾಗಿದ್ದ ತೂರ್ ಪಟ್ಟಣವೇ ಸರಿ. ಯೆಹೆಜ್ಕೇಲ 26:1ರಿಂದ 28:19ರವರೆಗೆ ಒಟ್ಟು 76 ವಚನ. ಗಟ್ಟಿಯಾಗಿ ಓದಲು ಸುಮಾರು ಹದಿನೈದು ನಿಮಿಷ ಬೇಕು, ಚರ್ಚೆ ಸೇರಿ ಒಂದೂವರೆ ಗಂಟೆಯಲ್ಲಿ ಮುಗಿಯುತ್ತದೆ. ಎಲ್ಲರ ಕೈಗೂ ಆ ಮೂರು ಅಧ್ಯಾಯಗಳ ಜೆರಾಕ್ಸ್ ಪ್ರತಿ, ಮೂರು ಬಣ್ಣದ ಪೆನ್ಸಿಲ್, ಮೂರು ಕಾಲಂ ಎಳೆದ ಒಂದು ಹಾಳೆ ಕೊಡುತ್ತೇನೆ. ಸ್ವಂತ ಸತ್ಯವೇದದಲ್ಲಿ ಗೆರೆ ಹಾಕಲು ಹಲವರು ಹಿಂಜರಿಯುತ್ತಾರೆ, ಅದಕ್ಕೇ ಜೆರಾಕ್ಸ್. ಗೋಡೆಯ ಮೇಲೆ ಒಂದು ಭೂಪಟ ಇರಬೇಕು. ತೂರ್ ಆಗ ದಡದಿಂದ ಬೇರೆಯಾಗಿದ್ದ ದ್ವೀಪ ಎಂಬುದು ಕಣ್ಣಿಗೆ ಕಾಣದಿದ್ದರೆ ಈ ಭಾಗ ಅರ್ಥವೇ ಆಗುವುದಿಲ್ಲ.

ಮೊದಲ ಬಣ್ಣ, ಜನಾಂಗ ತನ್ನ ಬಾಯಿಂದಲೇ ಆಡಿದ ಮಾತಿಗೆ. 26:2ರಲ್ಲಿ ಯೆರೂಸಲೇಮಿನ ಬಾಗಿಲು ಮುರಿದದ್ದನ್ನು ಕಂಡು ತೂರ್ ‘ಆಹಾ, ಇನ್ನು ನನಗೆ ತುಂಬಿ ಬರುತ್ತದೆ’ ಎನ್ನುತ್ತದೆ. 27:3ರಲ್ಲಿ ‘ನನ್ನ ಸೌಂದರ್ಯಕ್ಕೆ ಕುಂದಿಲ್ಲ’, 28:2ರಲ್ಲಿ ‘ನಾನು ದೇವರು’. ಈ ಮೂರನ್ನು ಒಂದರ ಕೆಳಗೊಂದು ಬರೆಸಿ. ಪಕ್ಕದ ಊರಿನ ಸಾವಿನಲ್ಲಿ ಲಾಭದ ಲೆಕ್ಕ ಹಾಕಿದ್ದು ಮೊದಲು, ದೇವರೆನಿಸಿಕೊಂಡದ್ದು ಕೊನೆಗೆ. ಗರ್ವ ಎಂದರೆ ಬರೀ ಮನಸ್ಸಿನ ಉಬ್ಬು ಎಂದುಕೊಂಡು ಬಂದವರಿಗೆ ಈ ಕ್ರಮ ಹೊಸದಾಗಿ ಕಾಣುತ್ತದೆ.

ಎರಡನೆಯ ಬಣ್ಣ, ಅವರು ನೆಚ್ಚಿಕೊಂಡ ವಸ್ತುವಿಗೆ. ಇಲ್ಲಿ 27ನೆಯ ಅಧ್ಯಾಯಕ್ಕೆ ಕಡಿಮೆಯೆಂದರೂ ಅರ್ಧ ಗಂಟೆ ಕೊಡಬೇಕು. ಪ್ರವಾದಿ ಇಡೀ ಪಟ್ಟಣವನ್ನು ಒಂದು ಹಡಗಾಗಿ ಕಟ್ಟುತ್ತಾನೆ. ಹಲಗೆಗೆ ಸೆನೀರ್ ಬೆಟ್ಟದ ತುರಾಯಿ ಮರ, ಹಾಯಿಕಂಬಕ್ಕೆ ಲೆಬನೋನಿನ ದೇವದಾರು, ಹುಟ್ಟುಗಳಿಗೆ ಬಾಷಾನಿನ ಅಲ್ಲೋನ್ (ಓಕ್) ಮರ, ಹಾಯಿಗೆ ಐಗುಪ್ತದ (ಈಜಿಪ್ಟಿನ) ಕಸೂತಿ ನಾರುಬಟ್ಟೆ. ಹುಟ್ಟು ಹಾಕುವವರು ಚೀದೋನ್, ಅರ್ವಾದ್ ಊರವರು. ಬಿರುಕು ಮುಚ್ಚುವವರು ಗೆಬಲಿನ ಅನುಭವಿಗಳು. 12ರಿಂದ 25ರವರೆಗೆ ಸರಕಿನ ಪಟ್ಟಿ: ತಾರ್ಷೀಷಿನಿಂದ ಬೆಳ್ಳಿ, ಕಬ್ಬಿಣ, ತವರ, ಸೀಸ, ಯೆಹೂದದಿಂದ ಗೋದಿ, ಜೇನು, ಎಣ್ಣೆ. ಓದುವವರು ಈ ಪಟ್ಟಿಯನ್ನು ಹಾರಿಸಿಬಿಡುತ್ತಾರೆ. ಹಾರಿಸಬಾರದು. ಪಟ್ಟಿಯ ತೂಕ ಕಿವಿಗೆ ಬಿದ್ದರೇನೇ 26ನೆಯ ವಚನದ ಹೊಡೆತ ಗೊತ್ತಾಗುವುದು. ಕಟ್ಟುವುದಕ್ಕೂ ತುಂಬುವುದಕ್ಕೂ ಇಪ್ಪತ್ತಕ್ಕೂ ಹೆಚ್ಚು ವಚನ ಬೇಕಾದ ಹಡಗನ್ನು ಮೂಡಣ ಗಾಳಿ ಒಂದೇ ವಚನದಲ್ಲಿ ಒಡೆದುಹಾಕುತ್ತದೆ. ಮುಂದಿನ ವಚನವನ್ನು ನಿಧಾನವಾಗಿ ಓದಿಸಿ: ಐಶ್ವರ್ಯ, ಸರಕು, ನಾವಿಕರು, ಬಿರುಕು ಮುಚ್ಚುವವರು, ವ್ಯಾಪಾರಿಗಳು, ಯೋಧರು. ಹತ್ತಿಸಿದ್ದನ್ನೆಲ್ಲ ಹೆಸರು ಕರೆದು ಮುಳುಗಿಸುತ್ತಾನೆ.

ಮೂರನೆಯ ಬಣ್ಣ ತೀರ್ಪಿಗೆ. ‘ಸಮುದ್ರಗಳ ನಟ್ಟನಡುವೆ’ ಎಂಬ ಮಾತನ್ನು ಹಿಂಬಾಲಿಸಿದರೆ ಸಾಕು, ಉಳಿದದ್ದು ತಾನಾಗಿ ಬಿಚ್ಚಿಕೊಳ್ಳುತ್ತದೆ. 27:4ರಲ್ಲಿ ಅದು ತೂರಿನ ಮೇರೆ. 27:25ರಲ್ಲಿ ಸರಕು ತುಂಬಿ ಭಾರವಾದ ಜಾಗ. 28:2ರಲ್ಲಿ ದೇವಾಸನವೆಂದು ಅರಸ ಕೊಚ್ಚಿಕೊಂಡ ಜಾಗ. 27:26ರಲ್ಲಿ ಹಡಗು ಒಡೆದದ್ದು ಅಲ್ಲೇ, 27:27ರಲ್ಲಿ ಮುಳುಗಿದ್ದು ಅಲ್ಲೇ, 28:8ರಲ್ಲಿ ಅರಸ ಸಾಯುವುದೂ ಅಲ್ಲೇ. ಯಾವ ನೀರು ತಮ್ಮನ್ನು ಕಾಯುತ್ತದೆ ಎಂದು ನಂಬಿದ್ದರೋ ಆ ನೀರೇ ಗೋರಿಯಾಯಿತು. ಇದನ್ನು ನಾನು ಬಾಯಿಬಿಟ್ಟು ಹೇಳುವುದಿಲ್ಲ. ಆರೂ ಕಡೆ ಬಣ್ಣ ಹಚ್ಚಿದವರು ತಾವೇ ಹೇಳುತ್ತಾರೆ.

28:4-5 ಮುಗಿಯುವ ಮೊದಲು ಅಲ್ಲಿನ ಸರಪಳಿಯನ್ನು ಬೋರ್ಡಿನ ಮೇಲೆ ಬರೆಯಿರಿ: ಜ್ಞಾನ, ಅದರಿಂದ ವ್ಯಾಪಾರ, ಅದರಿಂದ ಐಶ್ವರ್ಯ, ಅದರಿಂದ ಉಬ್ಬಿದ ಹೃದಯ. ಜಾಣತನವನ್ನಾಗಲಿ ವ್ಯಾಪಾರವನ್ನಾಗಲಿ ಪ್ರವಾದಿ ತಪ್ಪು ಎನ್ನುತ್ತಿಲ್ಲ. 16 ಮತ್ತು 18ನೆಯ ವಚನ ಹಿಡಿಯುವುದು ವ್ಯಾಪಾರದೊಳಗೆ ಸೇರಿಕೊಂಡ ಹಿಂಸೆಯನ್ನು, ಅನ್ಯಾಯವನ್ನು. ಇದು ಬಿಟ್ಟುಹೋದರೆ ದುಡಿದು ಮುಂದೆ ಬಂದವರನ್ನೆಲ್ಲ ಬೈಯುವ ಪಾಠವಾಗಿಬಿಡುತ್ತದೆ.

ಚರ್ಚೆ ಹಳಿ ತಪ್ಪುವ ಜಾಗಗಳೂ ಇವೆ. ಮೊದಲನೆಯದು 28:11-19. ಏದೆನ್ ತೋಟ, ಕೆರೂಬಿ ಎಂಬ ರೆಕ್ಕೆಯ ದೇವದೂತ ಎಂದು ಬಂದ ತಕ್ಷಣ ಮಾತು ಸೈತಾನನ ಕಡೆ ತಿರುಗುತ್ತದೆ. ಯೆಶಾಯ 14:12ರ ಮುಂಜಾನೆಯ ನಕ್ಷತ್ರಕ್ಕೂ ಹೀಗೇ ಆಗುತ್ತದೆ. ಮೂರನೆಯ ಶತಮಾನದ ಕ್ರೈಸ್ತ ಪಂಡಿತ ಓರಿಗೆನನಂಥವರೂ ಹಾಗೆ ಓದಿದ್ದಾರೆ, ಆದ್ದರಿಂದ ಆ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಆದರೆ ಅದನ್ನು ಕೊನೆಗೆ ಇಟ್ಟುಕೊಳ್ಳಿ. ಯೆಹೆಜ್ಕೇಲನು ಹೆಸರಿಸಿದ್ದು ತೂರಿನ ಅರಸನನ್ನು, ಯೆಶಾಯ 14:4 ಹೆಸರಿಸಿದ್ದು ಬಾಬೆಲಿನ (ಬ್ಯಾಬಿಲೋನಿನ) ಅರಸನನ್ನು. ಆ ಇಬ್ಬರ ಮೇಲಿನ ಆರೋಪ ಪೂರ್ತಿ ಬರೆದಾದ ಮೇಲೆ ಬೇಕಾದರೆ ಮುಂದಕ್ಕೆ ಹೋಗಿ. ಮೊದಲೇ ಹೋದರೆ ಮನುಷ್ಯ ಅರಸ ಕೈತಪ್ಪಿ ಹೋಗುತ್ತಾನೆ, ಅವನ ಮೇಲಿನ ಮೊಕದ್ದಮೆಯೂ ಹೋಗುತ್ತದೆ.

ಎರಡನೆಯದು ‘ಅಕ್ಷರಶಃ ನೆರವೇರಿತು’ ಎಂದು ತೋರಿಸುವ ಅವಸರ. ಕ್ರಿ.ಪೂ. 332ರಲ್ಲಿ ಅಲೆಕ್ಸಾಂಡರ್ ಏಳು ತಿಂಗಳ ಮುತ್ತಿಗೆಯಲ್ಲಿ ದಡದಿಂದ ದ್ವೀಪಕ್ಕೆ ದಾರಿ ಕಟ್ಟಿದ್ದನ್ನು 26:12ರ ಕಲ್ಲು, ಮರ, ಮಣ್ಣಿಗೆ ಜೋಡಿಸಿ ಅಲ್ಲಿಗೇ ನಿಲ್ಲಿಸುತ್ತಾರೆ. ನಾನು ಅದೇ ಪುಸ್ತಕದ 29:17-20ನ್ನು ಕಡ್ಡಾಯವಾಗಿ ಓದಿಸುತ್ತೇನೆ. ಸೆರೆವಾಸದ 27ನೆಯ ವರ್ಷದ ಆ ಮಾತು, ಅಂದರೆ ಕ್ರಿ.ಪೂ. 571ರದು, ಹೇಳುವುದೇನು? ಬಾಬೆಲಿನ ಅರಸ ನೆಬೂಕದ್ನೆಚ್ಚರನ ಸೈನ್ಯ ತಲೆ ಬೋಳಾಗುವಷ್ಟು, ಹೆಗಲ ಚರ್ಮ ಸುಲಿಯುವಷ್ಟು ದುಡಿದರೂ ತೂರಿನಿಂದ ಕೂಲಿ ಸಿಗಲಿಲ್ಲ. ಅದಕ್ಕೆ ಬದಲಾಗಿ ಐಗುಪ್ತವನ್ನು ಕೊಡುತ್ತೇನೆ ಎಂದು ದೇವರು ಹೇಳುತ್ತಾನೆ. ಆ ಮುತ್ತಿಗೆ ಹದಿಮೂರು ವರ್ಷ ನಡೆಯಿತೆಂದು ಒಂದನೆಯ ಶತಮಾನದ ಯೆಹೂದಿ ಇತಿಹಾಸಕಾರ ಯೋಸೆಫನು ಬರೆದಿದ್ದಾನೆ. ತೂರ್ ಇವತ್ತಿಗೂ ಲೆಬನೋನಿನಲ್ಲಿ ಜನವಸತಿಯಿರುವ ಊರು. ಪೌಲನು ಅಲ್ಲಿ ಏಳು ದಿನ ಉಳಿದದ್ದು ಅಪೊಸ್ತಲರ ಕೃತ್ಯಗಳು 21ರಲ್ಲಿದೆ. ಇದನ್ನೆಲ್ಲ ಮುಚ್ಚಿಟ್ಟರೆ ಕೂಟದ ಹುಡುಗರು ಮೊಬೈಲಿನಲ್ಲಿ ಹುಡುಕಿ ತಾವೇ ಕಂಡುಕೊಳ್ಳುತ್ತಾರೆ, ಆಮೇಲೆ ನಿಮ್ಮ ಬೇರೆ ಮಾತನ್ನೂ ನಂಬುವುದಿಲ್ಲ. ಯೆಹೆಜ್ಕೇಲನ ಪುಸ್ತಕ 29ನೆಯ ಅಧ್ಯಾಯವನ್ನು ಮುಚ್ಚಿಡಲಿಲ್ಲ, ನಾವೇಕೆ ಮುಚ್ಚಿಡಬೇಕು?

ಇನ್ನೊಂದು, ಇಂದಿನ ದೇಶಗಳ ಹೆಸರು. ಮೂರೂ ಕಾಲಂ ತುಂಬುವವರೆಗೆ ಯಾವ ದೇಶದ ಹೆಸರೂ ಬಾಯಿಗೆ ಬರಬಾರದೆಂದು ಮೊದಲೇ ಹೇಳಿಬಿಡುತ್ತೇನೆ. ಪತ್ರಿಕೆ ಮುಂದಿಟ್ಟುಕೊಂಡು ಓದಿದವರಿಗೆ ತೂರ್ ಎಂದರೆ ಯಾವಾಗಲೂ ಬೇರೆ ಯಾರೋ ಆಗಿರುತ್ತದೆ.

ತೂರ್ ಆದ ಮೇಲೆ ಅದೇ ಹಾಳೆಯಲ್ಲಿ ಉಳಿದವು ಬೇಗ ಸಾಗುತ್ತವೆ. ಎದೋಮಿನದು ಬಂಡೆಯ ಬಿರುಕಿನ ವಾಸ. ಹದ್ದಿನಂತೆ ಮೇಲೇರಿದರೂ ಕೆಳಗಿಳಿಸುವೆನೆಂಬ ತೀರ್ಪು, ಓಬದ್ಯ 3-4. ಐಗುಪ್ತದ್ದು ‘ನೈಲ್ ನನ್ನದು, ನಾನೇ ಮಾಡಿದೆ’ ಎಂಬ ಮಾತು, ಯೆಹೆಜ್ಕೇಲ 29:3. ಫರೋಹನೆಂಬ ಮೊಸಳೆಯನ್ನು ಗಾಳ ಹಾಕಿ ಆ ನದಿಯಿಂದಲೇ ಎಳೆದು ಬಯಲಿಗೆ ಎಸೆಯಲಾಗುತ್ತದೆ. ಅಶ್ಶೂರಕ್ಕೆ (ಅಸ್ಸೀರಿಯಕ್ಕೆ) ಮಾತ್ರ ಸ್ವಲ್ಪ ಹೆಚ್ಚು ಹೊತ್ತು ಬೇಕು, ಏಕೆಂದರೆ ಯೆಶಾಯ 10ರಲ್ಲಿ ಅದು ಯೆಹೋವನ ಕೈಯ ದೊಣ್ಣೆಯೇ. ದೇವರೇ ಕಳುಹಿಸಿದ ಮೇಲೆ ಶಿಕ್ಷೆ ಯಾಕೆ ಎಂದು ಯಾರಾದರೂ ಕೇಳೇ ಕೇಳುತ್ತಾರೆ. 7ನೆಯ ವಚನದಲ್ಲಿ ಅಶ್ಶೂರಕ್ಕಿದ್ದ ನಾಶಮಾಡುವ ಉದ್ದೇಶವನ್ನೂ 13ನೆಯ ವಚನದ ‘ನನ್ನ ಕೈಬಲದಿಂದಲೇ’ ಎಂಬ ಮಾತನ್ನೂ ತೋರಿಸಿ. ಕ್ರಿ.ಪೂ. 701ರ ದಂಡಯಾತ್ರೆಯ ಬಗ್ಗೆ ಅಶ್ಶೂರದ ಅರಸ ಸನ್ಹೇರೀಬ ಸ್ವತಃ ಕೆತ್ತಿಸಿದ ಶಾಸನದಲ್ಲಿ 46 ಕೋಟೆ ಊರುಗಳನ್ನು ಹಿಡಿದೆ, ಯೆಹೂದದ ಅರಸ ಹಿಜ್ಕೀಯನನ್ನು ಪಂಜರದ ಹಕ್ಕಿಯಂತೆ ಮುಚ್ಚಿಟ್ಟೆ ಎಂದಿದೆ. ಯೆಶಾಯನು ಆ ಅರಸರ ಬಾಯಿಗೆ ಇಲ್ಲದ ಮಾತು ತುರುಕಲಿಲ್ಲ ಎಂದು ಇದರಿಂದ ತಿಳಿಯುತ್ತದೆ.

ಆಮೋಸನನ್ನು ಬಿಡುವಂತೆಯೇ ಇಲ್ಲ. 2:1ರಲ್ಲಿ ಮೋವಾಬಿನ ಮೇಲಿನ ಆರೋಪ, ಎದೋಮಿನ ಅರಸನ ಎಲುಬುಗಳನ್ನು ಸುಟ್ಟು ಸುಣ್ಣ ಮಾಡಿದ್ದು. ಇಲ್ಲಿ ಇಸ್ರಾಯೇಲಿಗೆ ಏನೂ ಆಗಿಲ್ಲ. ಎದೋಮೂ ಇಸ್ರಾಯೇಲಿನ ಮಿತ್ರನಲ್ಲ. ಆದರೂ ತೀರ್ಪು ಬಂತು. ಹಾಗಾಗಿ ಈ ಪ್ರವಾದನೆಗಳು ‘ನಮ್ಮವರನ್ನು ಮುಟ್ಟಿದವರಿಗೆ ಶಾಸ್ತಿ’ ಅಲ್ಲ. ಆರು ನೆರೆಯವರಾದ ಮೇಲೆ ಏಳನೆಯದು ಯೆಹೂದ, ಎಂಟನೆಯದು ಇಸ್ರಾಯೇಲ್. ಅಧ್ಯಾಯ 2ರ ಮೂರನೆಯ ವಚನಕ್ಕೆ ಓದು ನಿಲ್ಲಿಸಿದರೆ ಆಮೋಸ ಹೆಣೆದ ಬಲೆಯೇ ಹರಿದುಹೋಗುತ್ತದೆ.

ಚೆಫನ್ಯನಲ್ಲೂ ಇದೇ ಇದೆ. 2:15ರಲ್ಲಿ ಅಶ್ಶೂರದ ರಾಜಧಾನಿ ನಿನೆವೆ ‘ನಾನೇ, ನನ್ನ ಹೊರತು ಯಾರೂ ಇಲ್ಲ’ ಎಂದು ಬೀಗುತ್ತದೆ. 3:1ರಲ್ಲಿ ‘ಹಿಂಸಿಸುವ ಪಟ್ಟಣಕ್ಕೆ ಅಯ್ಯೋ’ ಎಂದಾಗ ಕೇಳುವವರು ಇನ್ನೂ ನಿನೆವೆಯನ್ನೇ ನೆನೆಯುತ್ತಿರುತ್ತಾರೆ. 3:2ರಲ್ಲಿ ಅದು ‘ತನ್ನ ದೇವರ’ ಬಳಿಗೆ ಬರಲಿಲ್ಲ ಎಂದಾಗ ಅನುಮಾನ, 3:4ರಲ್ಲಿ ಪ್ರವಾದಿಗಳೂ ಯಾಜಕರೂ ಬಂದಾಗ ಖಾತ್ರಿ: ಇದು ಯೆರೂಸಲೇಮ್. ಅಧ್ಯಾಯದ ಸಂಖ್ಯೆಗಳು ಬಹಳ ಆಮೇಲೆ ಸೇರಿದವು, ಆದ್ದರಿಂದ ಓದುವವರಿಗೆ 2:13ರಿಂದ 3:4ರವರೆಗೆ ನಿಲ್ಲದೆ ಓದಲು ಹೇಳಿ, ‘ಮೂರನೆಯ ಅಧ್ಯಾಯ’ ಎಂದು ಹೇಳದಂತೆ ಎಚ್ಚರಿಸಿ.

ಕೊನೆಯ ಹತ್ತು ನಿಮಿಷವನ್ನು ನಾನು ಯಾವುದಕ್ಕೂ ಬಿಟ್ಟುಕೊಡುವುದಿಲ್ಲ. ಮೋವಾಬಿಗೆ ಯೆರೆಮೀಯ 48:47, ಅಮ್ಮೋನಿಗೆ 49:6, ಏಲಾಮಿಗೆ 49:39. ಎಲ್ಲದರಲ್ಲೂ ತೀರ್ಪಿನ ನಂತರ ತಿರುಗಿ ನಿಲ್ಲಿಸುವ ಮಾತಿದೆ. ಯೆಶಾಯ 19:25ರಲ್ಲಿ ಐಗುಪ್ತಕ್ಕೆ ‘ನನ್ನ ಪ್ರಜೆ’, ಅಶ್ಶೂರಕ್ಕೆ ‘ನನ್ನ ಕೈಕೆಲಸ’ ಎಂಬ ಹೆಸರು. ತೂರಿಗೆ ಯೆಶಾಯ 23:17-18: ಎಪ್ಪತ್ತು ವರ್ಷದ ನಂತರ ಅದು ಮತ್ತೆ ವ್ಯಾಪಾರಕ್ಕೆ ಇಳಿಯುತ್ತದೆ, ಆದರೆ ಲಾಭ ಕೂಡಿಟ್ಟುಕೊಳ್ಳಲು ಅಲ್ಲ, ಯೆಹೋವನ ಸನ್ನಿಧಿಯಲ್ಲಿ ಇರುವವರ ಊಟಕ್ಕೂ ಬಟ್ಟೆಗೂ. ಈ ವಚನಗಳನ್ನು ಹಾಳೆಯ ಹಿಂಬದಿಯಲ್ಲಿ ಬರೆಸಿ, ಮನೆಗೆ ಕಳುಹಿಸುವ ಮುಂಚೆ ಒಬ್ಬೊಬ್ಬರಿಂದ ಒಂದೊಂದನ್ನು ಗಟ್ಟಿಯಾಗಿ ಓದಿಸಿ.